ಆರನೆಯ ಸಾಲು

ನನ್ನ ಕೋಪದ ಬಗ್ಗೆ ನಮ್ಮ ಕಟ್ಟಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ಅರವತ್ತೆರಡು ವರ್ಷ ಬದುಕಿದ ಮನುಷ್ಯನಿಗೆ ಕೋಪ ಬರಲು ಬೇಕಾದಷ್ಟು ಕಾರಣಗಳಿರುತ್ತವೆ. ಆದರೆ ಈ ಸಲದ ನವಮಿಯ ದಿನ ನಡೆದದ್ದನ್ನು ಬೇರೆಯವರು ಹೇಳಿ ನಗುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು.

ಐರೋಲಿಯಲ್ಲಿ ನಮ್ಮದು ನಾಲ್ಕನೆಯ ಮಹಡಿ. ಮೂರು ಮನೆ, ಮೂರೂ ಕನ್ನಡದವರದು, ಮೂರಕ್ಕೂ ಸೇರಿ ಒಂದೇ ಇಂಟರ್‌ನೆಟ್ ಕನೆಕ್ಷನ್. ಕೇಬಲ್‌ನವರ ತಂತಿ ನಮ್ಮ ಹಾಲಿಗೆ ಬಂದು ಟೀವಿ ಸ್ಟ್ಯಾಂಡಿನ ಕೆಳಗಿರುವ ಹಳೆಯ ಕಂಪ್ಯೂಟರಿನೊಳಗೆ ಹೋಗುತ್ತದೆ. ನಾನು ಬೇಲಾಪುರದ ಒಂದು ಸಹಕಾರಿ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವನು. ಬ್ಯಾಂಕಿನವರು ಗುಜರಿಗೆ ಹಾಕಲಿದ್ದ ಆ ಪೆಟ್ಟಿಗೆಯನ್ನು ಕೇಳಿ ತಂದು ಅದರಲ್ಲಿ ಲಿನಕ್ಸ್ ಹಾಕಿದೆ. ಅದಕ್ಕೆ ಎರಡು ಕಿಂಡಿ. ಒಂದರಿಂದ ನೆಟ್ ಒಳಗೆ ಬರುತ್ತದೆ. ಇನ್ನೊಂದರಿಂದ ಹೊರಟು ಮೂರು ರೂಟರ್‌ಗಳಿಗೆ ಹೋಗುತ್ತದೆ. ಒಂದು ರೂಟರ್ ನಮ್ಮಲ್ಲಿ, ಒಂದು ಎದುರುಮನೆಯ ಕಿಟ್ಟಣ್ಣನಲ್ಲಿ, ಇನ್ನೊಂದು ಪಕ್ಕದ ಸೋನಾಲಿಯ ಮನೆಯಲ್ಲಿ.

ಒಂದು ಕಿಂಡಿಗೆ ಬಂದದ್ದನ್ನು ಕಂಪ್ಯೂಟರ್ ತಾನಾಗಿ ಇನ್ನೊಂದಕ್ಕೆ ದಾಟಿಸುವುದಿಲ್ಲ. ದಾಟಿಸು, ಹೀಗೆ ದಾಟಿಸು, ಇಂಥವರಿಗೆ ದಾಟಿಸು ಎಂದು ಕೆಲವು ಸಾಲು ಆಜ್ಞೆಗಳನ್ನು ಟೈಪ್ ಮಾಡಬೇಕು. ನಾನು ಮಾಡಿದ್ದೆ. ಅಂದಿನಿಂದ ಅದು ಒಂದು ಕ್ಷಣವೂ ನಿಂತಿರಲಿಲ್ಲ. ಕರೆಂಟ್ ಹೋದರೆ ಇನ್ವರ್ಟರ್ ಇತ್ತು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಅದರ ಮುಂದೆ ಕೂತು ಒಂದು ಪದ ಟೈಪ್ ಮಾಡಿದರೆ, ಎಷ್ಟು ದಿನದಿಂದ ಓಡುತ್ತಿದ್ದೇನೆ ಎಂದು ಅದೇ ಹೇಳುತ್ತಿತ್ತು. ಆ ಲೆಕ್ಕವನ್ನು ನಾನು ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ. ವಾಚ್‌ಮನ್‌ಗೂ ಹೇಳಿದ್ದೆ. "ಎಲ್ಲಾ ನಾನೊಬ್ಬನೇ ಕೂತು ಮಾಡಿದ್ದು" ಎಂದು ಸೇರಿಸುವುದನ್ನು ಮರೆಯುತ್ತಿರಲಿಲ್ಲ. ನವಮಿಯ ಬೆಳಿಗ್ಗೆ ಅದು ಎಂಟುನೂರ ಹನ್ನೆರಡು ಎಂದಿತು.

ಆ ದಿನ ನೆಟ್ ಅತ್ಯಗತ್ಯವಾಗಿ ಬೇಕಾಗಿದ್ದದ್ದು ಜಯಲತಾಗೆ. ಅವಳು ಕಿಟ್ಟಣ್ಣನ ಸೊಸೆ. ಕಿಟ್ಟಣ್ಣ ಉಡುಪಿ ಕಡೆಯವರು; ಡೊಂಬಿವಲಿಯಲ್ಲಿ ಇಪ್ಪತ್ತೈದು ವರ್ಷ ಹೋಟೆಲ್ ನಡೆಸಿದವರು. ಮಗ ತೀರಿಹೋಗಿ ನಾಲ್ಕು ವರ್ಷವಾಯಿತು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಎಡಭಾಗ ಬಿದ್ದುಹೋಯಿತು. ಅವರನ್ನು ಎಬ್ಬಿಸಿ ಗಾಲಿಕುರ್ಚಿಯಲ್ಲಿ ಕೂರಿಸುವುದು, ಊಟ ಮಾಡಿಸುವುದು, ಸ್ನಾನ, ಎಲ್ಲ ಜಯಲತಾನೇ. ನಡುನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಥಾಣೆಯ ಒಂದು ಕಂಪನಿಗೆ ಡಾಕ್ಟರುಗಳ ಮಾತು ಕೇಳಿ ರಿಪೋರ್ಟು ಟೈಪ್ ಮಾಡುತ್ತಾಳೆ. ಆರು ತಿಂಗಳಿನಿಂದ ಅದು ತಾತ್ಕಾಲಿಕ ಕೆಲಸ. ಖಾಯಂ ಆಗಲು ಒಂದು ಟೆಸ್ಟ್. ಬುಧವಾರ, ಮಧ್ಯಾಹ್ನ ಹನ್ನೆರಡಕ್ಕೆ. ಹನ್ನೆರಡಕ್ಕೆ ಸರಿಯಾಗಿ ಒಳಗೆ ಹೋಗದಿದ್ದರೆ ಕೆಲಸವೇ ಇಲ್ಲ. ಮನೆಯಲ್ಲಿ ಕೂತು ಮಾಡುವ ಇಂಥ ಇನ್ನೊಂದು ಕೆಲಸ ಅವಳಿಗೆ ಎಲ್ಲಿ ಸಿಗಬೇಕು?

ಆ ಬುಧವಾರವೇ ನವಮಿ. ಇಲ್ಲಿನ ಮರಾಠಿಯವರು ಆಯುಧಗಳಿಗೆ ಪೂಜೆ ಮಾಡುವುದು ಮಾರನೆಯ ದಿನ, ದಸರೆಗೆ. ಅವತ್ತು ಎಲ್ಲರಿಗೂ ರಜೆ. ನಮ್ಮ ಆಯುಧಪೂಜೆ ನವಮಿಗೆ, ಇಲ್ಲಿ ಅದು ಮಾಮೂಲಿ ಕೆಲಸದ ದಿನ. ನನ್ನ ಹೆಂಡತಿ ನಳಿನಿ ಮೈಸೂರಿನವಳು. ತನ್ನ ಪಂಚಾಂಗವನ್ನು ಐರೋಲಿಗಾಗಿ ಬದಲಾಯಿಸುವ ಪೈಕಿ ಅಲ್ಲ. ಹಿಂದಿನ ಎರಡು ವರ್ಷವೂ ನವಮಿಯ ದಿನ ನಾನೇ ಟೀವಿ ಸ್ಟ್ಯಾಂಡಿನ ಮುಂದೆ ಕಾವಲು ಕೂತು, ಕಂಪ್ಯೂಟರಿಗೆ ದೂರದಿಂದ ಒಂದು ಹೂವು ಹಾಕಿಸಿ ಕಳಿಸಿದ್ದೆ. ಈ ಸಲ ಮನೆಯ ಕಾಗದಪತ್ರದ ಕೆಲಸಕ್ಕೆಂದು ಬೆಳಿಗ್ಗೆ ಎಂಟೂವರೆಗೆ ಬೇಲಾಪುರದ ಸರ್ಕಾರಿ ಕಚೇರಿಗೆ ಹೊರಟೆ. ಹತ್ತೂವರೆಯಾದರೂ ಅಲ್ಲಿನ ಸಾಹೇಬರೇ ಬಂದಿರಲಿಲ್ಲ. ಶಪಿಸುತ್ತಾ ಥಾಣೆಯ ಲೋಕಲ್ ಹತ್ತಿದೆ.

ಕೋಪರಖೈರಣೆ ದಾಟುವಾಗ ಫೋನ್ ಬಂತು. ಜಯಲತಾ.

"ಅಂಕಲ್, ನೆಟ್ಟೇ ಇಲ್ಲ ಮಾರಾಯ್ರೆ. ರೂಟರಿಂದು ಲೈಟೆಲ್ಲ ಉಂಟು, ನೆಟ್ ಮಾತ್ರ ಇಲ್ಲ. ಹನ್ನೆರಡಕ್ಕೆ ನಂದು ಟೆಸ್ಟ್ ಅಲ್ವಾ?"

"ಯಾರಾದ್ರೂ ಏನಾದ್ರೂ ಮುಟ್ಟಿದ್ರೇನಮ್ಮಾ?"

"ಮುಟ್ಟಿದ್ದು ಅಂತಲ್ಲ ಅಂಕಲ್... ಪೂಜೆ ಮಾಡಿದ್ದು."

ಘಣಸೋಲಿ, ರಬಾಳೆ, ಆಮೇಲೆ ಐರೋಲಿ. ಆ ಮೂರು ಸ್ಟೇಷನ್ನು ಇಷ್ಟು ದೂರ ಇವೆ ಎಂದು ನನಗೆ ಅವತ್ತೇ ಗೊತ್ತಾದದ್ದು. ರಿಕ್ಷಾ ಹಿಡಿದು, ಲಿಫ್ಟಿಗೂ ಕಾಯದೆ ನಾಲ್ಕು ಮಹಡಿ ಹತ್ತಿದಾಗ ಗಂಟೆ ಹನ್ನೊಂದು ಇಪ್ಪತ್ತು. ಬಾಗಿಲ ಮುಂದೆ ಒಡೆದ ಬೂದುಗುಂಬಳಕಾಯಿ, ಕುಂಕುಮದ ನೀರು. ಒಳಗೆ ಹೋಗಿ ನೋಡಿದರೆ, ಅಯ್ಯೋ ದೇವರೇ!

ನನ್ನ ಕಂಪ್ಯೂಟರ್ ಟೀವಿ ಸ್ಟ್ಯಾಂಡಿನ ಕೆಳಗಿರಲಿಲ್ಲ. ಹಾಲಿನ ನಡುವೆ ಮಣೆಯ ಮೇಲೆ, ರಂಗೋಲಿಯ ಮಧ್ಯೆ ಕೂತಿತ್ತು. ಹಣೆಯ ಜಾಗದಲ್ಲಿ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ನಾಲ್ಕು ಮೂಲೆಗೆ ನಾಲ್ಕು ನಿಂಬೆಹಣ್ಣು. ಅದರ ಮುಂದಿನ ಹರಿವಾಣದಲ್ಲಿ ಮೂರು ಮನೆಯ ರೂಟರುಗಳೂ ಸಾಲಾಗಿ ಕೂತು ಮಂಗಳಾರತಿ ಮಾಡಿಸಿಕೊಂಡಿದ್ದವಂತೆ. ಆಮೇಲೆ ಅವನ್ನು ಅವರವರ ಮನೆಗೆ ಕಳಿಸಿ, ಕಂಪ್ಯೂಟರಿಗೆ ಉದ್ದನೆಯ ತಂತಿ ಎಳೆದು ಮತ್ತೆ ಪ್ಲಗ್ ಹಾಕಿದ್ದರು. ಫ್ಯಾನ್ ಗುಂಯ್‌ಗುಡುತ್ತಿತ್ತು.

ನಳಿನಿ ರೇಷ್ಮೆ ಸೀರೆ ಉಟ್ಟುಕೊಂಡು ನಗುತ್ತಾ ಬಂದಳು. "ಬಂದ್ರಾ? ಮೊದ್ಲು ಪ್ರಸಾದ ತಗೊಳ್ಳಿ."

"ಯಾರೇ ಇದನ್ನ ಆಫ್ ಮಾಡಿದ್ದು?"

"ನಾನೇ. ಓಡ್ತಿರೋದಕ್ಕೆ ಒದ್ದೆ ಬಟ್ಟೆ ಹಾಕಿ ಒರೆಸಿದ್ರೆ ಶಾಕ್ ಹೊಡೆಯಲ್ವೇನ್ರೀ? ಅದಕ್ಕೇ ಪ್ಲಗ್ ಕಿತ್ತೆ. ಅರ್ಧ ಗಂಟೆ ಅಷ್ಟೆ. ನೋಡಿ, ಎಷ್ಟು ಕಳೆಯಾಗಿದೆ!"

ಎಂಟುನೂರ ಹನ್ನೆರಡು ದಿನ! ಪ್ಲಗ್ ಕಿತ್ತಳಂತೆ! ಅಷ್ಟರಲ್ಲಿ ಜಯಲತಾ ಲ್ಯಾಪ್‌ಟಾಪ್ ಎತ್ತಿಕೊಂಡು ಬಾಗಿಲಿಗೆ ಬಂದಿದ್ದಳು. ಎದುರುಮನೆಯ ಹೊಸಿಲಲ್ಲಿ ಕಿಟ್ಟಣ್ಣನ ಗಾಲಿಕುರ್ಚಿ. ಪಕ್ಕದಿಂದ ಸೋನಾಲಿಯೂ ಬಂದಳು. ಕಾಲೇಜು ಹುಡುಗಿ, ಇಲ್ಲೇ ಹುಟ್ಟಿದವಳು, ಕನ್ನಡ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಎಲ್ಲರೂ ನಿಂತಿದ್ದಾರೆ ಎನ್ನುವುದು ನನ್ನನ್ನು ತಡೆಯಬೇಕಿತ್ತು. ತಡೆಯಲಿಲ್ಲ. ನಾನು ಬಾಗಿಲಲ್ಲೇ ನಿಂತು ಕೂಗಾಡಿದೆ.

"ಮೂವತ್ನಾಲ್ಕು ವರ್ಷದಿಂದ ನೋಡ್ತಿದೀನಿ, ನಿನ್ ತಲೇಲಿ ಅರಿಶಿನ ಕುಂಕುಮ ಬಿಟ್ರೆ ಬೇರೇನೂ ಇಲ್ಲ! ಮುಟ್ಬೇಡ ಅಂದ್ರೆ ಮುಟ್ತೀಯ! ಗೊತ್ತಿಲ್ದೇ ಇದ್ರೆ ಸುಮ್ನೆ ಅಡುಗೆಮನೇಲಿ ಬಿದ್ದಿರೋಕೆ ಏನ್ ಕಷ್ಟ ನಿಂಗೆ? ಆ ಹುಡುಗಿ ಅನ್ನಕ್ಕೆ ಮಣ್ಣು ಹಾಕ್ದೆಯಲ್ಲೇ!"

ನಳಿನಿಯ ಕೈಯಲ್ಲಿದ್ದ ಪ್ರಸಾದದ ತಟ್ಟೆ ಅಲ್ಲೇ ನಿಂತಿತು. ಮುಖದಲ್ಲಿದ್ದ ನಗು ಹೋಯಿತು.

"ಅವರಿಗೆ ಬೈಬೇಡಿ ಮಾರಾಯ್ರೆ," ಕಿಟ್ಟಣ್ಣ ತೊದಲುತ್ತಾ ಕುರ್ಚಿಯಿಂದಲೇ ಹೇಳಿದರು. "ರೂಟರ್ ಕೊಟ್ಟದ್ದು ನಾವೇ. ಇವಳ ಪರೀಕ್ಷೆ ಉಂಟಲ್ಲ, ಪೂಜೆಗೆ ಇಡುವ ಅಂತ ನಾನೇ ಹೇಳಿದ್ದು."

ನಾನು ಯಾರ ಮಾತೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಚೆಂಡುಹೂವಿನ ಹಾರ ಕಿತ್ತು ಪಕ್ಕಕ್ಕೆಸೆದು ಕೀಬೋರ್ಡಿನ ಮುಂದೆ ಕೂತೆ. ತಂತಿಗಳು ಸರಿಯಾಗಿದ್ದವು. ಒಳಗೆ ನೀರು ಹೋಗಿರಲಿಲ್ಲ. ಕಂಪ್ಯೂಟರಿಗೆ ನೆಟ್ ಬರುತ್ತಿತ್ತು. ಆದರೆ ಆ ಕಿಂಡಿಯಿಂದ ಈ ಕಿಂಡಿಗೆ ದಾಟುತ್ತಿರಲಿಲ್ಲ. ಎಲ್ಲವೂ ಸರಿಯಾಗಿದ್ದರೂ ಏಕೆ ದಾಟುತ್ತಿಲ್ಲ? ಎದ್ದ ಕೂಡಲೇ ಕಂಪ್ಯೂಟರ್ ಓದಿಕೊಳ್ಳುವ ಒಂದು ಫೈಲ್ ಇರುತ್ತದೆ. ನನ್ನ ಆಜ್ಞೆಗಳೆಲ್ಲ ಅದರಲ್ಲಿ ಇರಬೇಕು. ಅದನ್ನು ತೆರೆದೆ.

ಖಾಲಿ. ಒಂದು ಅಕ್ಷರವೂ ಇಲ್ಲ.

ಟೈಪ್ ಮಾಡಿದ ಆಜ್ಞೆ ಕಂಪ್ಯೂಟರಿನ ನೆನಪಿನಲ್ಲಿ ಇರುವುದು ಕರೆಂಟ್ ಇರುವ ತನಕ ಮಾತ್ರ. ಆ ಫೈಲಿನಲ್ಲಿ ಬರೆದಿಟ್ಟರೆ ಉಳಿಯುತ್ತದೆ, ಇಲ್ಲದಿದ್ದರೆ ಪ್ಲಗ್ ಕಿತ್ತ ಕ್ಷಣವೇ ಮಂಗಮಾಯ. ಅಂದರೆ ನಾನು ಬರೆದಿಟ್ಟೇ ಇರಲಿಲ್ಲ. ಎಂಟುನೂರ ಹನ್ನೆರಡು ದಿನದಲ್ಲಿ ಯಾವ ಹೊತ್ತಿಗೆ ಇನ್ವರ್ಟರ್ ಕೈಕೊಟ್ಟಿದ್ದರೂ ಇದೇ ಗತಿ ಆಗುತ್ತಿತ್ತು. ಬ್ಯಾಂಕಿನಲ್ಲಿ ಯಾವನಾದರೂ ಇಂಥ ತಪ್ಪು ಮಾಡಿದ್ದರೆ ನಾನು ಮೆಮೊ ಕೊಡುತ್ತಿದ್ದೆ. ಕೊಟ್ಟಿದ್ದೇನೆ ಕೂಡ.

ಆಗ ಮಾತ್ರ ಗಡಿಯಾರ ನೋಡಿದೆ. ಹನ್ನೊಂದು ಮೂವತ್ತು.

ಸರಿ, ಮತ್ತೆ ಟೈಪ್ ಮಾಡಿದರಾಯಿತು ಎಂದು ಕೈ ಇಟ್ಟೆ. ಕೈ ಮುಂದೆ ಹೋಗಲಿಲ್ಲ. ಮೊದಲ ಸಾಲು ಹೇಗೆ ಶುರುವಾಗುತ್ತಿತ್ತು? ಇಲ್ಲಿ ಒಂದು ಸತ್ಯ ಹೇಳಬೇಕು. ಆ ಸಾಲುಗಳು ನನ್ನ ತಲೆಯಿಂದ ಬಂದವಲ್ಲ. ಬ್ಯಾಂಕಿನಲ್ಲಿ ನನ್ನ ಕೈಕೆಳಗಿದ್ದ ಬಾಲಪ್ಪ ಎಂಬ ಬಾಗಲಕೋಟೆಯ ಹುಡುಗ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಆ ಚೀಟಿ ಎಂದೋ ರದ್ದಿಯವನ ಪಾಲಾಗಿತ್ತು. ಬಾಲಪ್ಪನಿಗೆ ಫೋನ್ ಮಾಡಿದೆ. ಹಬ್ಬಕ್ಕೆ ಊರಿಗೆ ಹೋಗಿದ್ದನೋ ಏನೋ, ಫೋನು ಸ್ವಿಚ್ ಆಫ್.

ಸೋನಾಲಿ ತನ್ನ ಮೊಬೈಲಿನಲ್ಲಿ ಹುಡುಕಿ ಹುಡುಕಿ ತೋರಿಸಿದಳು. "ಅಂಕಲ್, ಯೇ ದೇಖೋ. ಯೇ ಭೀ ದೇಖೋ." ಹತ್ತು ಪುಟ, ಹತ್ತು ಬಗೆ, ಎಲ್ಲವೂ ಈಗಿನ ಹೊಸ ಲಿನಕ್ಸಿನವು. ನನ್ನ ಪೆಟ್ಟಿಗೆ ಹಳೆಯದು, ಅದರ ಕಿಂಡಿಗಳ ಹೆಸರೇ ಬೇರೆ. ಎರಡು ಹಾಕಿ ನೋಡಿದೆ, ಎರಡೂ ತಪ್ಪೆಂದಿತು. ತಂತಿಯನ್ನು ನೇರವಾಗಿ ಜಯಲತಾಳ ರೂಟರಿಗೇ ಕೊಡೋಣವೆಂದರೆ, ಕೇಬಲ್‌ನವರು ನನ್ನ ಕಂಪ್ಯೂಟರನ್ನು ಮಾತ್ರ ಗುರುತಿಟ್ಟುಕೊಂಡಿದ್ದಾರೆ. ಬೇರೆ ಪೆಟ್ಟಿಗೆಗೆ ನೆಟ್ ಬಿಡುವುದಿಲ್ಲ.

"ನಿನ್ ಮೊಬೈಲ್ ನೆಟ್ಟಿಂದ ಆಗಲ್ವೇನಮ್ಮಾ?"

"ಇಲ್ಲ ಅಂಕಲ್. ಮನೆ ಕನೆಕ್ಷನಿಂದ ಮಾತ್ರ ತೆಗೀತದೆ ಕಂಪನಿ ಲ್ಯಾಪ್‌ಟಾಪ್. ಪೇಶೆಂಟಿನವರ ವಿಷಯ ಅಲ್ವಾ."

"ಫೋನ್ ಮಾಡಿ ಹೇಳು, ಒಂದು ಗಂಟೆ ಮುಂದೆ ಹಾಕಿ ಅಂತ."

"ಹೇಳಿದೆ. ಹೋದ ಸಲ ಮಾವನಿಗೆ ಹುಷಾರಿಲ್ಲ ಅಂತ ಮುಂದೆ ಹಾಕಿದ್ದು. ಇನ್ನು ಆಗುದಿಲ್ಲ ಅಂದ್ರು." ಅವಳು ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡಿದ್ದಳು. ಅಳಲಿಲ್ಲ. "ಎಂತ ಮಾಡುದು ಅಂಕಲ್, ನೀವು ಬೇಜಾರು ಮಾಡ್ಬೇಡಿ. ನನ್ನ ಹಣೆಬರಹ. ಮಾವನಿಗೆ ಮಾತ್ರೆ ಕೊಡುವ ಹೊತ್ತಾಯ್ತು, ಕೊಟ್ಟು ಬರ್ತೇನೆ."

ಅವಳು ಅತ್ತಿದ್ದರೆ, ನನಗೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾತ್ರೆ ಕೊಟ್ಟು ಬರುತ್ತೇನೆ ಎಂದಳಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಎದುರಿನ ಹೊಸಿಲಲ್ಲಿ ಕಿಟ್ಟಣ್ಣ ನನ್ನನ್ನೇ ನೋಡುತ್ತಿದ್ದರು. ಅವಳ ಅನ್ನಕ್ಕೆ ಮಣ್ಣು ಹಾಕಿದವನು ನಾನು ಎಂದು ಆ ಕ್ಷಣ ನನಗೊಬ್ಬನಿಗೇ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

"ಮುಗೀತಾ ನಿಮ್ದು?"

ನಳಿನಿ. ಯಾವಾಗ ಒಳಗೆ ಹೋಗಿದ್ದಳೋ, ಯಾವಾಗ ಬಂದಳೋ, ಕೈಯಲ್ಲಿ ಕಂದು ಬಣ್ಣದ ರಟ್ಟಿನ ಒಂದು ನೋಟ್‌ಬುಕ್. ಗ್ಯಾಸ್ ಸಿಲಿಂಡರ್ ಬಂದ ದಿನ, ಉಪ್ಪಿನಕಾಯಿಯ ಅಳತೆ, ಯಾರ ಮನೆಯಲ್ಲಿ ಯಾವಾಗ ನಾಮಕರಣ ಎಂದೆಲ್ಲ ಬರೆದುಕೊಳ್ಳುವ ಪುಸ್ತಕ. ಅವಳು ಪುಟ ತಿರುವಿ, ಕನ್ನಡಕ ಏರಿಸಿ, ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ನಾನು ಓದ್ತೀನಿ, ನೀವು ಟೈಪ್ ಮಾಡಿ. ಆವತ್ತಿನ ಹಾಗೆ."

ಆವತ್ತಿನ ಹಾಗೆ ಎಂದಾಗ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ಬಾಲಪ್ಪನ ಅಕ್ಷರ ಇರುವೆಯಷ್ಟು ಸಣ್ಣದು, ನನ್ನ ಕನ್ನಡಕ ರಿಪೇರಿಗೆ ಹೋಗಿತ್ತು. ಜೋರು ಮಳೆಯ ಒಂದು ಮಧ್ಯಾಹ್ನ ಆ ಚೀಟಿಯನ್ನು ಓದಿ ಹೇಳಿದವಳು ಇವಳೇ. ಮದುವೆಗೆ ಮುಂಚೆ ಮೈಸೂರಿನ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು. ಒಂದು ಚುಕ್ಕೆ ಬಿಡುವವಳಲ್ಲ. ಆ ಚೀಟಿಯನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡಿದ್ದಳು. ಇವಳನ್ನೇ ಬಿಟ್ಟು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ, ಎಲ್ಲಾ ನಾನೊಬ್ಬನೇ ಕೂತು ಮಾಡಿದ್ದು ಎಂದು.

"ಮೈನಸ್ ಟಿ. ಜಾಗ ಬಿಡಿ. ನ್ಯಾಟ್. ಜಾಗ ಬಿಡಿ. ಮೈನಸ್, ದೊಡ್ಡ ಎ. ದೊಡ್ಡದು ಅಂದೆ ನಾನು, ಚಿಕ್ಕದು ಹಾಕಿದ್ರಿ."

ಅಳಿಸಿ ದೊಡ್ಡದು ಹಾಕಿದೆ. ಅವಳು ನಿಲ್ಲಿಸದೆ ಓದುತ್ತಾ ಹೋದಳು. ಒಂದು, ಎರಡು, ಮೂರು, ನಾಲ್ಕು. ಐದನೆಯ ಸಾಲಿಗೆ ಎಂಟರ್ ಒತ್ತಿದೆ.

"ಆ ಗಯಾ! ಅಂಕಲ್, ಆ ಗಯಾ!" ನೆಟ್ ಬಂತೆಂದು ಸೋನಾಲಿ ತನ್ನ ಮನೆಯ ಬಾಗಿಲಿನಿಂದ ಕಿರುಚಿದಳು. ಜಯಲತಾ ಮಾತ್ರೆಯ ಡಬ್ಬಿಯನ್ನು ಮಾವನ ಮಡಿಲಲ್ಲೇ ಹಾಕಿ ಒಳಗೆ ಓಡಿದಳು. ಹನ್ನೊಂದು ಐವತ್ತೊಂಬತ್ತು. ಒಳಗಿನಿಂದ ಅವಳ ದನಿ ಬಂತು. "ಮಾವ, ಓಪನ್ ಆಯ್ತು!"

ಉಸ್ಸಪ್ಪಾ ಎಂದು ನೆಲಕ್ಕೆ ಕೈಯೂರಿ ಎದ್ದೆ.

"ಎಲ್ಲಿ ಎದ್ದಿರಿ? ಇನ್ನೊಂದು ಸಾಲಿದೆ," ಎಂದಳು ನಳಿನಿ.

ಬಗ್ಗಿ ನೋಡಿದೆ. ಪುಟದಲ್ಲಿ ಆರು ಸಾಲು ಇತ್ತು. ಮೊದಲ ಐದರ ಮುಂದೆ ಟಿಕ್ ಗುರುತು. ಆರನೆಯದು, ಮೇಲಿನ ಐದನ್ನೂ ಆ ಫೈಲಿಗೆ ಬರೆದಿಡುವ ಸಾಲು. ಅದರ ಮುಂದೆ ಟಿಕ್ ಇಲ್ಲ. ಅವಳ ದುಂಡು ಅಕ್ಷರದಲ್ಲಿ ಒಂದು ಒಕ್ಕಣೆ: '೧೨-೭-೨೩. ಇದೊಂದು ಬಾಕಿ. ಆಮೇಲೆ ಹಾಕುತ್ತಾರೆ.'

ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ಐದನೆಯ ಸಾಲಿಗೇ ನೆಟ್ ಬಂದಿತ್ತು, ನಾನು ಕುಣಿಯುತ್ತಾ ಎದ್ದಿದ್ದೆ. ಇವಳು ಇನ್ನೊಂದು ಸಾಲಿದೆ ರೀ ಎಂದಿದ್ದಳು, ಇದೇ ದನಿಯಲ್ಲಿ. ನಾನು ಏನು ಹೇಳಿದ್ದೆ ಎಂಬುದೂ ನೆನಪಾಯಿತು. 'ನೆಟ್ ಬಂತಲ್ಲ, ನಿಂಗೇನ್ ಗೊತ್ತು, ಸುಮ್ನಿರು' ಎಂದಿದ್ದೆ.

"ಪ್ಲಗ್ ಕೀಳೋವಾಗ ಇದು ನೆನಪಾಗ್ಲಿಲ್ವಾ ನಿಂಗೆ?" ಎಂದೆ.

"ಆಯ್ತು. ನೀವು ಆಮೇಲೆ ಹಾಕಿರ್ತೀರ ಅಂದ್ಕೊಂಡೆ. ಎಂಟುನೂರು ದಿನ ಇತ್ತಲ್ಲ."

"ಮತ್ತೆ ಆಗಲೇ ಹೇಳ್ಬಾರದಿತ್ತಾ, ನಾನು ಬಂದ ಕೂಡ್ಲೇ?"

"ನೀವು ಬಾಯಿ ಮುಚ್ಚಿದ ಮೇಲೆ ತಾನೇ ನಾನು ಹೇಳೋದು?"

ಆರನೆಯ ಸಾಲನ್ನು ಓದಿದಳು, ಟೈಪ್ ಮಾಡಿದೆ. ಅವಳು ಪೆನ್ನು ತೆಗೆದು ಟಿಕ್ ಹಾಕಿ, ಪುಸ್ತಕ ಮಡಿಸಿಕೊಂಡು ಅಡುಗೆಮನೆಗೆ ಹೋದಳು. ನಾನು ಹಾರವನ್ನು ಎತ್ತಿ ಕಂಪ್ಯೂಟರಿಗೆ ಮತ್ತೆ ಹಾಕಿದೆ. ಎಷ್ಟೋ ಹೊತ್ತು ಅದರ ಮುಂದೆ ನಿಂತಿದ್ದೆ. ಮೂವತ್ತನಾಲ್ಕು ವರ್ಷದಲ್ಲಿ ಇವಳು ಓದಿ ಹೇಳಿದ ಇನ್ನೆಷ್ಟು ಸಾಲುಗಳನ್ನು ಬಿಟ್ಟು ಎದ್ದು ಬಂದಿದ್ದೇನೋ ಎಂದು ಹೆದರಿಕೆಯಾಯಿತು. ಆಮೇಲೆ ಅಡುಗೆಮನೆಗೆ ಹೋದೆ. ಅವಳು ಪಾಯಸಕ್ಕೆ ಗೋಡಂಬಿ ಹುರಿಯುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು.

"ತಪ್ಪಾಯ್ತು ನಳಿನೀ."

ಅವಳು ತಿರುಗಲಿಲ್ಲ. "ಬೈದಿದ್ದು ಬಾಗಿಲಲ್ಲಿ ನಿಂತು. ತಪ್ಪಾಯ್ತು ಅನ್ನೋದು ಅಡುಗೆಮನೆಗೆ ಬಂದಾ?"

ಬ್ಯಾಂಕಿನಲ್ಲಿ ಮೂವತ್ತು ವರ್ಷ, ಈ ಕಟ್ಟಡದಲ್ಲಿ ಹತ್ತೊಂಬತ್ತು ವರ್ಷ, ನಾನು ನಾಲ್ಕು ಜನರೆದುರು ಯಾರ ಕ್ಷಮೆಯನ್ನೂ ಕೇಳಿದವನಲ್ಲ. ಸರಿ ಎಂದು ಬಾಗಿಲ ಕಡೆ ಹೊರಟೆ.

"ಈಗ್ಲೇ ಬೇಡ," ಎಂದಳು. "ಜಯಲತಾ ಹೊರಗೆ ಬರ್ಲಿ. ಅವಳೂ ಕೇಳಿಸ್ಕೊಂಡಿದ್ಲು."

ಒಂದೂವರೆ ಗಂಟೆ ಕಾದೆ. ಒಂದೂಮುಕ್ಕಾಲಿಗೆ ಎದುರಿನ ಬಾಗಿಲು ತೆರೆಯಿತು. ಜಯಲತಾಳ ಮುಖ ನೋಡಿದ ಕೂಡಲೇ ಗೊತ್ತಾಯಿತು. "ಪಾಸ್ ಅಂಕಲ್! ಅಲ್ಲಿಂದಲ್ಲಿಗೇ ಹೇಳಿದ್ರು. ಬರುವ ತಿಂಗಳಿಂದ ಖಾಯಂ." ಕಿಟ್ಟಣ್ಣ ಬಲಗೈಯಿಂದ ಕಣ್ಣೊರೆಸಿಕೊಂಡರು. ಸೋನಾಲಿ ಅವಳನ್ನು ತಬ್ಬಿಕೊಂಡಳು. ನಳಿನಿ ಪಾಯಸದ ಲೋಟಗಳನ್ನು ತಂದು ನನ್ನ ಹಿಂದೆ ನಿಂತಳು.

ನಾನು ಬಾಗಿಲಲ್ಲಿ, ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ ನಿಂತೆ. ತಪ್ಪು ನಳಿನಿಯದಲ್ಲ, ಪೂಜೆಯದೂ ಅಲ್ಲ, ಎರಡು ವರ್ಷದ ಹಿಂದೆ ಒಂದು ಸಾಲು ಬಿಟ್ಟವನು ನಾನು, ಇವಳು ಹೇಳಿದರೂ ಕೇಳಲಿಲ್ಲ, ಈ ನೆಟ್ ನಾನೊಬ್ಬನೇ ಮಾಡಿದ್ದೂ ಅಲ್ಲ, ಎಂದೆ. ನನಗೊಬ್ಬನಿಗೇ ಕೇಳಿಸುವಷ್ಟು ಸಣ್ಣ ದನಿ ಹೊರಟಿತ್ತು.

"ಸ್ವಲ್ಪ ಜೋರಾಗಿ ರೀ," ಹಿಂದಿನಿಂದ ನಳಿನಿ ಹೇಳಿದಳು. "ಕಿಟ್ಟಣ್ಣನಿಗೆ ಕೇಳಿಸ್ಲಿಲ್ಲ."

ಮೊದಲಿನಿಂದ ಮತ್ತೊಮ್ಮೆ ಹೇಳಿದೆ.